ಮಧ್ಯಾಹ್ನ ಮಾತ್ರ ಇಳಿಯುವ ನೀರು

ನಾನು ಆಪ್ತ ಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಕತೆ ಇದು. ಯಾರದು ಅಂತ ಗೊತ್ತಾಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. "ಊರಿನ ಹೆಸರು ಮಾತ್ರ ಬ್ಯಾಡ್ರಿ ಮೇಡಂ, ನಮ್ಮ ಕಾಕಾ ಓದಿಬಿಟ್ಟಾನು" ಎಂದಿದ್ದರು.

ಜೂನ್ ಮೊದಲ ವಾರ ಆಕೆ ರಾಯಚೂರಿನ ನನ್ನ ಕೋಣೆಗೆ ಬಂದರು. ವಯಸ್ಸು 28. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಟೆಕ್. ಮುಗಿಸಿ ಪಿಎಚ್‌.ಡಿ. ಮಾಡುತ್ತಿದ್ದರು, ನಾಲ್ಕನೇ ವರ್ಷ. ಬೆಳಿಗ್ಗೆ ಅತಿಥಿ ಉಪನ್ಯಾಸಕಿ ಕೆಲಸ, ಆಮೇಲೆ ಲ್ಯಾಬು. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ, ಎದೆ ಹಿಡಿದಂತಾಗುತ್ತದೆ. ಇಸಿಜಿ ಸರಿ ಇತ್ತು. ಲ್ಯಾಪ್‌ಟಾಪ್ ತೆರೆದರೆ ಅಂಗೈ ಬೆವರುತ್ತದೆ. ಪ್ರಬಂಧದ ಮೂರನೇ ಅಧ್ಯಾಯ ಐದು ತಿಂಗಳಿಂದ ಒಂದು ಸಾಲೂ ಮುಂದೆ ಹೋಗಿರಲಿಲ್ಲ.

ಪಿಎಚ್‌.ಡಿ. ಮಾಡುವವರು ಬಂದರೆ ನಾನು ಮೊದಲು ಹುಡುಕುವುದು ಗೈಡ್, ದುಡ್ಡು, ಮದುವೆ. ಆ ದಿನವೂ ಅದನ್ನೇ ಕೇಳಿದೆ. ಗೈಡ್ ಕೆಟ್ಟವರಲ್ಲ, ಕೈಗೆ ಸಿಗುವುದಿಲ್ಲ ಅಷ್ಟೆ. ದುಡ್ಡಿಗೆ ಕಷ್ಟ. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಇದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, ಈಕೆಗೆ ಅದಿಲ್ಲ. ಮದುವೆ ಮಾತು ಮನೆಯಲ್ಲಿ ಎದ್ದಿದೆ. ಸರಿ, ಗೊತ್ತಾಯಿತು ಅಂದುಕೊಂಡೆ. ನಿದ್ದೆಗೆ ಒಂದಿಷ್ಟು ಶಿಸ್ತು, ಉಸಿರಾಟ, ದಿನಕ್ಕೆ ಅರ್ಧ ಗಂಟೆ ಬರವಣಿಗೆ ಅಂತ ಹೇಳಿ ಕಳಿಸಿದೆ. ಈಗ ಆ ದಿನದ ಟಿಪ್ಪಣಿ ನೋಡಿದರೆ ನಾಚಿಕೆ ಆಗುತ್ತದೆ. ಅವರು ಏನು ಸಂಶೋಧನೆ ಮಾಡುತ್ತಾರೆ ಅಂತಲೇ ನಾನು ಕೇಳಿರಲಿಲ್ಲ.

ಎರಡನೇ ಸಲ ಬಂದಾಗ ಮುಖ ಇನ್ನೂ ಬಾಡಿತ್ತು. ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. "ಹಂಗೇನಿಲ್ರಿ. ಆದರ ಬಸ್ಸು ಪಲ್ಟಿ ಆದ್ರೂ ಆಗಲಿ, ಲ್ಯಾಬಿಗೆ ಹೋಗೋದು ತಪ್ಪತದ ಅಂತ ಒಂದೆರಡು ಸಲ ಅನ್ಸೈತಿ" ಎಂದರು. ಯಾವ ಯೋಜನೆಯೂ ಇರಲಿಲ್ಲ. ಆದರೂ ಈ ಮಾತು ಅಕ್ಕನಿಗೆ ಗೊತ್ತಿರಲಿ ಎಂದೆ, ಒಪ್ಪಿದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಅನ್ನು ನನ್ನೆದುರೇ ಫೋನಿನಲ್ಲಿ ಉಳಿಸಿಸಿದೆ. ರಾತ್ರಿ ಎರಡಕ್ಕೂ ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಕೇಳಿದೆ: "ಆ ಲ್ಯಾಬಿನಲ್ಲಿ ಏನು ಮಾಡ್ತೀರಿ? ನನಗೆ ತಿಳಿಯೋ ಹಾಗೆ ಹೇಳಿ."

ನಲವತ್ತು ನಿಮಿಷ ಹೇಳಿದರು. ಅಷ್ಟೂ ಹೊತ್ತು ಅಂಗೈ ಒರೆಸಿಕೊಳ್ಳಲಿಲ್ಲ.

ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಅನ್ನುವುದು ಸಿರವಾರ, ಮಾನ್ವಿ ಕಡೆ ಮನೆಮನೆಯ ಮಾತು. ಮೇಲಿನವರು ನೀರು ಎಳೆದುಕೊಂಡರೆ ಕೆಳಗಿನ ಭತ್ತ ಒಣಗುತ್ತದೆ. ಇದನ್ನು ನೋಡಿಕೊಂಡೇ ಬೆಳೆದ ಹುಡುಗಿ ನೀರಿನ ಮಟ್ಟ ಅಳೆಯುವ ಅಗ್ಗದ ಯಂತ್ರವನ್ನೇ ಸಂಶೋಧನೆಗೆ ಆರಿಸಿಕೊಂಡಿದ್ದರು. ಉಪಕಾಲುವೆಯ ಮೇಲೆ ಒಂದು ಡಬ್ಬಿ. ಅದು ಕಿವಿಗೆ ಕೇಳಿಸದ ಶಬ್ದವನ್ನು ಕೆಳಗೆ ಬಿಡುತ್ತದೆ. ನೀರಿಗೆ ಬಡಿದು ವಾಪಸ್ ಬರಲು ಹಿಡಿದ ಸಮಯದಿಂದ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ ಹಾಕುತ್ತದೆ. ಲೈಸೆನ್ಸ್ ಬೇಕಿಲ್ಲದ ಲೋರಾ ಎಂಬ ರೇಡಿಯೊದಲ್ಲಿ ಆ ಅಂಕಿ ಊರಿಗೆ ಬರುತ್ತದೆ, ಅಪ್ಪನ ಫೋನಿನಲ್ಲಿ ಗೆರೆಯಾಗಿ ಕಾಣುತ್ತದೆ.

ಹಿಂದಿನ ವರ್ಷದ ಮಾರ್ಚಿನಲ್ಲಿ, ಎರಡನೇ ಬೆಳೆಗೆ ನೀರು ಹರಿಯುತ್ತಿದ್ದಾಗ ಡಬ್ಬಿ ಕೂರಿಸಿದರು. ದಿನಾ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಗೆರೆ ಐದಾರು ಸೆಂಟಿಮೀಟರ್ ಕೆಳಗೆ ಬೀಳುತ್ತಿತ್ತು. ಸಂಜೆಗೆ ಮತ್ತೆ ಸರಿ. ಕಾರಣ ಹೊಳೆಯಲಿಲ್ಲ. ಸಮ್ಮೇಳನಕ್ಕೆ ಲೇಖನ ಕಳಿಸುವ ಕೊನೆಯ ದಿನ ಹತ್ತಿರ ಬಂತು. ಹತ್ತೊಂಬತ್ತು ದಿನಗಳ ಮಧ್ಯಾಹ್ನದ ಅಂಕಿಗಳನ್ನು ತೆಗೆದುಹಾಕಿದರು. 'ನಿರ್ವಹಣೆಯ ಕಾರಣ ಕೆಲವು ದತ್ತಾಂಶ ಲಭ್ಯವಾಗಿಲ್ಲ' ಎಂದು ಒಂದು ಸಾಲು ಬರೆದರು. ಲೇಖನ ಒಪ್ಪಿಗೆಯಾಯಿತು. ಸರ್ಟಿಫಿಕೇಟನ್ನು ಅಪ್ಪ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು.

ಸರಿ, ಲೇಖನದ್ದೇ ಭಾರ ಅಂದುಕೊಂಡೆ. ಮತ್ತೆ ಅವಸರ ಮಾಡುತ್ತಿದ್ದೆ. ಎದ್ದು ಬಾಗಿಲ ತನಕ ಹೋದವರು ನಿಂತರು. "ಕಾಕಾ ಹೊಡೆದಾಟಕ್ಕ ಹೋಗಿದ್ದ್ರಿ ಮೇಡಂ."

ಅಪ್ಪನ ಫೋನಿನ ಗೆರೆಯನ್ನು ಊರೇ ನೋಡುತ್ತಿತ್ತು. ಮಧ್ಯಾಹ್ನ ನೀರು ಇಳಿಯುತ್ತದೆ ಅಂದರೆ ಮೇಲಿನ ಊರಿನವರು ಆ ಹೊತ್ತಿಗೆ ಪಂಪ್ ಹಚ್ಚುತ್ತಾರೆ ಅಂತಲೇ ಅರ್ಥ, ಅಲ್ವಾ? ಕಾಕಾ ನಾಲ್ಕು ಜನರನ್ನು ಕಟ್ಟಿಕೊಂಡು ತೂಬಿನ ಹತ್ತಿರ ಹೋದರು. ಕೈ ಕೈ ಮಿಲಾಯಿಸಿತು. ಹಿರಿಯರು ಬಂದು ಬಿಡಿಸಿದರು. ಎರಡೂ ಊರಿನ ಮಧ್ಯೆ ಮಾತು ನಿಂತು ಹದಿನೈದು ತಿಂಗಳಾಗಿತ್ತು. ಗೆರೆಯ ಮೇಲೆ ತನಗೇ ನಂಬಿಕೆ ಇಲ್ಲ ಅಂತ ಈಕೆ ಆ ದಿನ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಮೂರನೇ ಭೇಟಿಯಲ್ಲಿ ಮೂರು ವಿಷಯ ಕೇಳಿದೆ. ತೆಗೆದುಹಾಕಿದ ಅಂಕಿಗಳು ಇನ್ನೂ ಇವೆಯಾ? ಇವೆ, ಮೂಲ ಮೆಮೊರಿ ಕಾರ್ಡ್ ಗೋದ್ರೇಜಿನಲ್ಲಿ ಸೀರೆಗಳ ಕೆಳಗಿದೆ. ಅದು ಇಲ್ಲದಿದ್ದರೆ ನನ್ನ ಸಲಹೆ ಬೇರೆಯೇ ಆಗುತ್ತಿತ್ತು. ಯಾರಿಗೆ ಹೇಳಲು ಜಾಸ್ತಿ ಭಯ? ಗೈಡ್‌ಗಲ್ಲ, ಅಪ್ಪನಿಗೆ. ಮಧ್ಯಾಹ್ನವೇ ಯಾಕೆ ಹಾಗಾಗುತ್ತದೆ? ಅದಕ್ಕೆ ಸುಮ್ಮನೆ ಕೂತರು. ಆಮೇಲೆ ನನ್ನ ಚೀಟಿ ಎಳೆದುಕೊಂಡು ಲೆಕ್ಕ ಹಾಕತೊಡಗಿದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದ ಬೇಗ ಓಡುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, ಆಮೇಲೆ ಡಿಗ್ರಿಗೆ 0.6 ಮೀಟರಿನಷ್ಟು ಏರುತ್ತದೆ. ಅದನ್ನು ಸರಿದೂಗಿಸಲು ಡಬ್ಬಿಯೊಳಗೆ ಒಂದು ಉಷ್ಣಾಂಶದ ಸೆನ್ಸರ್ ಇಟ್ಟಿದ್ದರು. ಡಬ್ಬಿ ಕಪ್ಪು ಪ್ಲಾಸ್ಟಿಕ್. ರಾಯಚೂರಿನ ಮಾರ್ಚ್ ಬಿಸಿಲು. ಒಳಗೆ 55 ಡಿಗ್ರಿ ಆಗಿದ್ದರೂ ನೀರಿನ ಮೇಲಿನ ಗಾಳಿ 37 ಇದ್ದೀತು. ಯಂತ್ರ 55 ಅಂತ ನಂಬಿ ಲೆಕ್ಕ ಹಾಕಿದರೆ ಎರಡು ಮೀಟರ್ ಕೆಳಗಿರುವ ನೀರು ಆರು ಸೆಂಟಿಮೀಟರ್ ಇನ್ನೂ ಕೆಳಗೆ ಕಾಣುತ್ತದೆ. ಕಾಲುವೆ ಇದ್ದ ಹಾಗೇ ಇತ್ತು.

"ಇಷ್ಟೇನಾ?" ಎಂದು ಅತ್ತರು. ಸಾಧಾರಣ ತಲೆಯವರಲ್ಲ. ಆ ಫೈಲು ತೆರೆಯಲು ಹೆದರಿ ಹದಿನೈದು ತಿಂಗಳು ಅದನ್ನು ಯೋಚಿಸಿಯೇ ಇರಲಿಲ್ಲ.

ಕಾರಣ ಸಿಕ್ಕಿತು, ಇನ್ನು ಸದ್ದಿಲ್ಲದೆ ಹೊಸ ಲೇಖನ ಬರೆದರೆ ಸಾಕಲ್ವಾ ಎಂದು ಕೇಳಿದರು. ಸಾಕಾಗುವುದಿಲ್ಲ ಎಂದೆ. ಅಂಕಿ ತಪ್ಪಿದ್ದು ಡಬ್ಬಿಯಿಂದ, 'ನಿರ್ವಹಣೆಯ ಕಾರಣ' ಅಂತ ಬರೆದ ಕೈ ನಿಮ್ಮದು. ಸಲಹೆಗಾರರು ಹೀಗೆ ಹೇಳಬಾರದು ಅನ್ನುವವರಿದ್ದಾರೆ. ಆಕೆ ಹಗುರ ಮಾಡಿಕೊಳ್ಳಲು ಬಂದಿದ್ದರು. ನಾನು ಬೆನ್ನು ತಟ್ಟಿ ಕಳಿಸಿದ್ದರೆ ಮುಚ್ಚಿಡುವುದರಲ್ಲಿ ನಾನೂ ಪಾಲುದಾರಳಾಗುತ್ತಿದ್ದೆ.

ಮೊದಲು ಅಪ್ಪನಿಗೆ ಹೇಳಿ ಎಂದೆ. ಲೇಖನ ಕಾಯಬಹುದು, ಎರಡು ಊರಿನ ಜಗಳ ಕಾಯಬಾರದು. ಎರಡನೇ ಬೆಳೆಗೆ ನೀರು ಬಂದರೆ ಮತ್ತೆ ತೂಬಿನ ಹತ್ತಿರ ಜನ ಸೇರುತ್ತಾರೆ. ಆಮೇಲೆ ಗೈಡ್. ಫೋನಿನಲ್ಲಿ ಬೇಡ, ಎದುರಿಗೆ ಕೂತು ಹೇಳಿ. ಮೂಲ ಅಂಕಿಗಳ ಗ್ರಾಫು, ಏನು ತೆಗೆದಿರಿ ಅನ್ನುವ ಪಟ್ಟಿ, ಈ ಲೆಕ್ಕದ ಚೀಟಿ ಕೈಯಲ್ಲಿರಲಿ. 'ನೀವು ನೋಡಲಿಲ್ಲ' ಅನ್ನುವ ಮಾತು ಬಾಯಿಗೆ ಬಂದರೂ ನುಂಗಿ. ಲೇಖನವನ್ನು ತಿದ್ದುವುದೋ ವಾಪಸ್ ಪಡೆಯುವುದೋ, ಇಬ್ಬರೂ ಸೇರಿ ಸಂಘಟಕರಿಗೆ ಬರೆಯಿರಿ. ಲೇಖಕರೇ ಕೇಳಿಕೊಂಡು ಹಾಗೆ ಮಾಡುವ ರೂಢಿ ಇದೆ.

ಆ ಲೇಖನ ಹೋದರೆ ಪಿಎಚ್‌.ಡಿ.ಯೇ ಹೋಯಿತು ಅಂತ ನಂಬಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಅನ್ನುವ ಷರತ್ತಿಲ್ಲ. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು, ನಿಮ್ಮದನ್ನು ತೆಗೆದು ಓದಿ ಎಂದೆ. ಸಮಯವೂ ಇತ್ತು. ಆರು ವರ್ಷದವರೆಗೆ ಅವಕಾಶ, ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು.

ಗೈಡ್ ಹತ್ತಿರ ನಾನೇ ಮಾತಾಡಲಾ ಎಂದು ಕೇಳುವ ಆಸೆ ಆಯಿತು. ಕೇಳಲಿಲ್ಲ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲವಂತೆ. ಗೋಡೆಯ ಮೇಲಿನ ಸರ್ಟಿಫಿಕೇಟನ್ನು ತಾವೇ ಇಳಿಸಿ ಟ್ರಂಕಿನಲ್ಲಿಟ್ಟರಂತೆ. ಮರುದಿನ ತಮ್ಮನನ್ನು ಕರೆದುಕೊಂಡು ಮೇಲಿನ ಊರಿಗೆ ಹೋದರು. ಕಾಕಾ ಮಾತ್ರ ಸೋಲಲಿಲ್ಲ: "ನಿನ್ನ ಡಬ್ಬಿ ಸುಳ್ಳು ಹೇಳಿರಬಹುದವ್ವಾ. ಅವರು ನೀರು ಕದಿಯೋದು ಸುಳ್ಳಲ್ಲ." ಅದೂ ಇದ್ದೀತು, ಯಾರಿಗೆ ಗೊತ್ತು. ಗೈಡ್ ಅರ್ಧ ಗಂಟೆ ಬೈದರು, ಲೇಖನದಲ್ಲಿ ಅವರ ಹೆಸರೂ ಇತ್ತಲ್ಲ. ಮೂರು ದಿನ ಬಿಟ್ಟು ಸಂಘಟಕರಿಗೆ ಪತ್ರ ಬರೆದರು. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ನಿದ್ದೆ ಪೂರ್ತಿ ಸರಿಯಾಗಿಲ್ಲ, ಆದರೆ ಎದೆ ಹಿಡಿಯುವುದು ನಿಂತಿದೆ.

ಐದನೇ ಭೇಟಿ ಹತ್ತೇ ನಿಮಿಷ. ಕಾಲುವೆಗೆ ನೀರು ಬಿಟ್ಟಿದ್ದರು. ಡಬ್ಬಿಗೆ ಬಿಳಿ ಬಣ್ಣ ಹೊಡೆದು, ಉಷ್ಣಾಂಶದ ಸೆನ್ಸರನ್ನು ನೆರಳು ಮಾಡಿ ಕೆಳಗೆ ನೀರಿನ ಹತ್ತಿರ ಇಳಿಬಿಟ್ಟಿದ್ದರು. ಪಕ್ಕದಲ್ಲಿ ಅಡಿ ಗುರುತಿನ ಕಲ್ಲೊಂದನ್ನು ಎರಡೂ ಊರಿನವರು ಸೇರಿ ನೆಟ್ಟಿದ್ದರು. ಮುಂದಿನ ವಾರದ ಸಮಯ ಕೊಡಲು ನಾನು ಡೈರಿ ತೆಗೆದೆ.

"ಮಧ್ಯಾಹ್ನ ಬ್ಯಾಡ್ರಿ ಮೇಡಂ" ಎಂದರು. "ಆ ಹೊತ್ತಿಗೆ ಕಾಲುವೆ ಮ್ಯಾಲೆ ಇರತೀನಿ."