ಏನಂದುಕೊಳ್ಳುತ್ತಾರೋ ಅನ್ನೋ ಹಿಂಜರಿಕೆ

ಪ್ರಶ್ನೆ: ಗುರುತಿಲ್ಲದವರು ಕಷ್ಟಪಡುವುದನ್ನು ಕಂಡರೆ ಸಹಾಯ ಮಾಡೋಣ ಅನಿಸುತ್ತದೆ. ಆದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಾಗುತ್ತೇನೆ. ಮಾತು ನಿಂತುಹೋದ ಹಳೇ ಗೆಳತಿಗೆ ಮೆಸೇಜ್ ಕಳಿಸೋಕೂ ಇದೇ ಮುಜುಗರ. ಏನು ಮಾಡಲಿ?

ಉತ್ತರ: ಮೊದಲು ಗೆಳತಿಗೆ ಮೆಸೇಜ್ ಕಳಿಸಿ, ಇವತ್ತೇ. ಇಷ್ಟು ದಿನ ಯಾಕೆ ಮಾತಾಡಲಿಲ್ಲ ಅನ್ನೋ ವಿವರಣೆಯೆಲ್ಲ ಬೇಡ. 'ನಿನ್ನ ನೆನಪಾಯ್ತು, ಹೇಗಿದ್ದೀಯ?' ಅಂದರೆ ಸಾಕು. ಸಂಶೋಧಕಿ ಪೆಗ್ಗಿ ಲಿಯು ಮತ್ತು ಜೊತೆಗಾರರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಕಳಿಸುವವರು ಅಂದುಕೊಂಡದ್ದಕ್ಕಿಂತ ಪಡೆದವರಿಗೆ ಜಾಸ್ತಿ ಖುಷಿಯಾಗುತ್ತದೆ, ಅದರಲ್ಲೂ ನಿರೀಕ್ಷೆಯೇ ಇಲ್ಲದೆ ಬಂದಾಗ. ಅದೇ ವರ್ಷ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅಪರಿಚಿತರಿಗೆ ಏನಾದರೂ ಚಿಕ್ಕದು ಕೊಟ್ಟಾಗಲೂ ಹೀಗೇ ಅಂತ ತೋರಿಸಿದರು. ಕೊಡುವವರು 'ಇದೇನು ಮಹಾ' ಅಂತ ವಸ್ತುವನ್ನೇ ಅಳೆಯುತ್ತಿರುತ್ತಾರೆ, ಪಡೆದವರ ಮನಸ್ಸಿಗೆ ತಟ್ಟುವುದು ಅದರ ಹಿಂದಿನ ಅಕ್ಕರೆ.

ಇನ್ನು ಗುರುತಿಲ್ಲದವರ ವಿಷಯ. ಕೇಳಿ, ಆಮೇಲೆ ಕೈ ಹಾಕಿ, ಅಷ್ಟೇ. ಕಂಕುಳಲ್ಲಿ ಮಗು, ಕೈಯಲ್ಲಿ ಭಾರದ ಚೀಲ ಹಿಡಿದು ಒಬ್ಬರು ಮೆಟ್ಟಿಲ ಕೆಳಗೆ ನಿಂತಿದ್ದಾರೆ ಅಂದುಕೊಳ್ಳಿ. ಚೀಲ ಕಿತ್ತುಕೊಂಡರೆ ಯಾರಿಗಾದರೂ ಗಾಬರಿಯೇ ಅಲ್ವಾ? 'ಚೀಲ ಮೇಲೆ ತಂದುಕೊಡಲಾ?' ಅಂತ ಕೇಳಿ, ಉತ್ತರಕ್ಕೆ ಕಾಯಿರಿ. ಬೇಡ ಅಂದರೆ 'ಸರಿ' ಅಂತ ನಕ್ಕು ಮುಂದೆ ಹೋಗಿ, ಅದರಲ್ಲಿ ಅವಮಾನ ಏನೂ ಇಲ್ಲ. ಕಣ್ಣು ಕಾಣದವರು ರಸ್ತೆ ದಾಟಲು ನಿಂತಿದ್ದರಂತೂ ತಟ್ಟನೆ ತೋಳು ಹಿಡಿದು ಎಳೆಯಲೇಬೇಡಿ (ಒಳ್ಳೆ ಮನಸ್ಸಿನವರೇ ಹೀಗೆ ಮಾಡುತ್ತಾರೆ). ಮೊದಲು ಮಾತಾಡಿಸಿ. ಸಹಾಯ ಬೇಕು ಅಂದರೆ ನಿಮ್ಮ ಮೊಣಕೈ ಹತ್ತಿರ ಅವರೇ ಹಿಡಿದುಕೊಳ್ಳಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ.