ಮಳೆನೀರು ಚರಂಡಿ ವಿನ್ಯಾಸದ ಕೆಲಸಕ್ಕೆ ಸೇರಬಹುದೇ? ಹೊಸ ಚರಂಡಿ ಕಟ್ಟಿದರೂ ರಸ್ತೆ ಮುಳುಗುವುದೇಕೆ?

ಸಿವಿಲ್ ಇಂಜಿನಿಯರಿಂಗ್ ಪದವಿ ಮುಗಿಸಿದ ನಿಮಗೆ ಮಳೆನೀರು ಚರಂಡಿಗಳ ಕೆಲಸ ಮಾಡುವ ಸಲಹಾ ಸಂಸ್ಥೆಯಿಂದ ಕರೆ ಬಂದಿದೆ, ಕಟ್ಟಡ ವಿನ್ಯಾಸಕ್ಕೆ ಹೋದ ಸಹಪಾಠಿಗಳು ಇದನ್ನು ಹಗುರವಾಗಿ ಕಾಣುತ್ತಿದ್ದಾರೆ ಎಂದು ಬರೆದಿದ್ದೀರಿ. ವರ್ಷವರ್ಷವೂ ಚರಂಡಿ ಕಟ್ಟಿದರೂ ನಿಮ್ಮೂರಿನ ರಸ್ತೆ ಮುಳುಗುವುದೇಕೆ, ಎಂ.ಟೆಕ್ ಮಾಡಿಯೇ ಸೇರಬೇಕೇ ಎಂದೂ ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಭಾಗದಲ್ಲಿ, ರಸ್ತೆ ಮತ್ತು ಚರಂಡಿಗಳ ಸಮೀಕ್ಷೆ, ವಿನ್ಯಾಸ, ಅಂದಾಜುಪಟ್ಟಿ ಮೂರನ್ನೂ ಮಾಡುತ್ತ ಬಂದವನು. ಸೇರಿ ಎಂಬುದೇ ನನ್ನ ಉತ್ತರ. ಚರಂಡಿಯ ಅಗಲ, ಆಳಗಳ ಲೆಕ್ಕ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಆ ನೀರು ಕೊನೆಗೆ ಎಲ್ಲಿ ಸೇರಬೇಕು, ಅಲ್ಲಿಯವರೆಗೂ ಅದಕ್ಕೆ ದಾರಿ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳುವುದಕ್ಕೆ ವಾರಗಳೇ ಬೇಕಾಗುತ್ತವೆ, ಮತ್ತು ಈ ಕೆಲಸದ ನಿಜವಾದ ಹೊಣೆ ಇರುವುದು ಅಲ್ಲಿಯೇ.

ನಮ್ಮ ಜಿಲ್ಲೆಯ ನೆಲವನ್ನೇ ನೋಡಿ. ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ, ಮಂಜೇಶ್ವರ ಹೊಳೆಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತವೆ. ಎತ್ತರದ ಸಪಾಟು ಗುಡ್ಡೆಗಳಾದ ಪದವುಗಳಿಂದ ಇಳಿದು, ತಗ್ಗಿನ ಗದ್ದೆಗಳಾದ ಬೈಲುಗಳ ಮೂಲಕ ಸಾಗುವ ತೋಡುಗಳ (ಸಣ್ಣ ಹಳ್ಳಗಳ) ದಿಕ್ಕೂ ಬಹುಮಟ್ಟಿಗೆ ಅದೇ. 1907ರಲ್ಲಿ ಮಂಗಳೂರು ತಲುಪಿದ ರೈಲುಮಾರ್ಗ ಮತ್ತು ರಾಷ್ಟ್ರೀಯ ಹೆದ್ದಾರಿ 66 ಉತ್ತರ ದಕ್ಷಿಣವಾಗಿ ಈ ಹರಿವಿಗೆ ಅಡ್ಡಲಾಗಿ ಹೋಗುತ್ತವೆ. ಮಣ್ಣು ಏರಿಸಿ ಹಾಕಿದ ಜಾಗಗಳಲ್ಲೆಲ್ಲ ನೀರಿಗೆ ಉಳಿಯುವ ದಾರಿ ಸೇತುವೆ ಮತ್ತು ಮೋರಿಗಳು ಮಾತ್ರ. ಆದ್ದರಿಂದ ಪೇಟೆಯೊಳಗೆ ಎಷ್ಟು ದೊಡ್ಡ ಕಾಂಕ್ರೀಟ್ ಚರಂಡಿ ಕಟ್ಟಿದರೂ, ಅದರ ನೀರು ಹಳಿಯ ಆಚೆ ದಾಟಬೇಕಾದ ಹಳೆಯ ಮೋರಿಯಲ್ಲಿ ಅರ್ಧದಷ್ಟು ಹೂಳು ತುಂಬಿದ್ದರೆ, ಪೇಟೆ ಮುಳುಗಿಯೇ ಮುಳುಗುತ್ತದೆ. ಮೋರಿ ಸರಿಯಾಗಿದ್ದರೂ ಸಮುದ್ರದ ಬದಿಯನ್ನು ಮರೆಯುವಂತಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರದ ಹೊತ್ತಿಗೆ ಜೋರು ಮಳೆ ಬಂದರೆ, ಹೊಳೆ ಸಮುದ್ರ ಸೇರುವ ಅಳಿವೆಯ ಸಮೀಪ ತಗ್ಗಿನಲ್ಲಿ ಕೊನೆಗೊಳ್ಳುವ ಚರಂಡಿಯ ಬಾಯಿ ನೀರಿನಡಿಗೆ ಹೋಗಿ, ಇಳಿತ ಆರಂಭವಾಗುವವರೆಗೆ ನೀರು ಹಿಂದಕ್ಕೆ ನಿಲ್ಲುತ್ತದೆ. ಅಡಿಕೆ ತೋಟದಲ್ಲಿ ನೀರು ಬಸಿಯಲು ಕಣಿ (ಕಾಲುವೆ) ತೆಗೆಯುವವರು ಕೆಳತುದಿಯಿಂದ ಅಗೆಯಲು ಆರಂಭಿಸಿ ಮೇಲಕ್ಕೆ ಬರುತ್ತಾರಲ್ಲ, ನೀವೂ ಸಮೀಕ್ಷೆಯನ್ನು ಹಾಗೆಯೇ ಆರಂಭಿಸಬೇಕು: ಮೊದಲ ಮಟ್ಟ ನೀರು ಸೇರುವ ತೋಡಿನ ತಳದ್ದಾಗಿರಲಿ, ಕೊನೆಯದು ರಸ್ತೆಯದ್ದಾಗಿರಲಿ.

ಹಣ ಮಂಜೂರಾಗುವ ಕ್ರಮ ಇದಕ್ಕೆ ತದ್ವಿರುದ್ಧವಾಗಿದೆ. ಈ ವರ್ಷ ಈ ವಾರ್ಡಿಗೆ ಐವತ್ತು ಮೀಟರ್, ಮುಂದಿನ ವರ್ಷ ಆಚೆಯ ವಾರ್ಡಿಗೆ ಐವತ್ತು ಮೀಟರ್ ಎಂದು ತುಂಡುತುಂಡಾಗಿ ಕಟ್ಟಿದಾಗ ಒಂದೊಂದು ತುಂಡಿನ ಕೊನೆಯಲ್ಲೂ ನೀರು ಯಾರದೋ ಅಂಗಳಕ್ಕೋ ರಸ್ತೆಗೋ ಬೀಳುತ್ತದೆ. ರಸ್ತೆಗೆ ಮತ್ತೆ ಮತ್ತೆ ಡಾಮರು ಹಾಕಿ ಮಟ್ಟ ಏರಿದ ಮೇಲೆ ಅಂಗಡಿಗಳೇ ತಗ್ಗಾಗುತ್ತವೆ. ಇನ್ನು ಕೆಲವೆಡೆ ಚರಂಡಿಯ ಗೋಡೆ ರಸ್ತೆಗಿಂತ ಮೇಲೆ ಎದ್ದಿರುತ್ತದೆ, ರಸ್ತೆಯ ನೀರು ಒಳಗೆ ಇಳಿಯಲು ಕಿಂಡಿಯೇ ಇರುವುದಿಲ್ಲ. ಇವೆಲ್ಲ ಗೊತ್ತಿಲ್ಲದೆ ಆಗುವ ತಪ್ಪುಗಳಲ್ಲ. ಇಡೀ ಜಲಾನಯನವನ್ನು ಒಂದೇ ನಕ್ಷೆಯಲ್ಲಿ ನೋಡುವ ಹೊಣೆಯನ್ನು ಯಾರಿಗೂ ಕೊಡದಿರುವುದರಿಂದ ಆಗುವಂಥವು, ಮತ್ತು ನಿಮ್ಮಂತಹ ಯುವಕರು ಈ ಕೆಲಸಕ್ಕೆ ಬರಬೇಕೆಂದು ನಾನು ಬಯಸುವುದೂ ಇದೇ ಕಾರಣಕ್ಕೆ.

ಲೆಕ್ಕದ ವಿಷಯವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಸಣ್ಣ ಜಲಾನಯನಗಳಿಗೆ ನಾವು ಇಂದಿಗೂ ಬಳಸುವುದು ರ್‍ಯಾಷನಲ್ ಸೂತ್ರವನ್ನೇ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಎಷ್ಟು ಮಿಲಿಮೀಟರ್ ಎಂಬ ಮಳೆಯ ತೀವ್ರತೆ, ಹೆಕ್ಟೇರುಗಳಲ್ಲಿ ವಿಸ್ತೀರ್ಣ, ಈ ಮೂರನ್ನು ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬರುತ್ತದೆಂದು ತಿಳಿಯುತ್ತದೆ. ಹುಲ್ಲು ಮತ್ತು ಗೇರುಮರಗಳಿರುವ ಹತ್ತು ಹೆಕ್ಟೇರ್ ಗುಡ್ಡೆಗೆ ಗುಣಾಂಕ 0.3 ಎಂದು ಹಿಡಿದು, ತೀವ್ರತೆ ಗಂಟೆಗೆ 100 ಮಿ.ಮೀ. ಎಂದಾದರೆ 0.83 ಘನ ಮೀಟರ್ ಬರುತ್ತದೆ. ಅದೇ ಗುಡ್ಡೆಯಲ್ಲಿ ಮನೆಗಳೆದ್ದು, ಅಂಗಳಗಳಿಗೆಲ್ಲ ಇಂಟರ್‌ಲಾಕ್ ಹಾಸಿ ಗುಣಾಂಕ 0.8 ಆದಾಗ ಅದು 2.22 ಘನ ಮೀಟರ್ ಆಗುತ್ತದೆ. ಮಳೆ ಹೆಚ್ಚಾಗಿಲ್ಲ, ತೋಡು ಅಗಲವಾಗಿಲ್ಲ, ಆದರೆ ನೀರು ಎರಡೂವರೆ ಪಾಲಿಗಿಂತ ಹೆಚ್ಚು. ಇದರ ಮೇಲೆ ಬೈಲುಗಳಿಗೆ ಮಣ್ಣು ತುಂಬಿಸುವುದು ಬೇರೆ. ಒಂದು ಎಕರೆ ಗದ್ದೆಯಲ್ಲಿ ಒಂದು ಅಡಿ ನೀರು ನಿಂತರೆ ಹನ್ನೆರಡು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಅದು ಆ ಹೊತ್ತಿಗೆ ತಡೆದು ಹಿಡಿದಂತಾಯಿತು. ಗದ್ದೆಗಳನ್ನು ಉಳಿಸಲು ಕೇರಳದಲ್ಲಿ 2008ರಲ್ಲೇ ಕಾಯ್ದೆ ಬಂದಿದೆ. ಅದನ್ನು ಪ್ರವಾಹ ತಡೆಯುವ ಕಾಯ್ದೆಯೆಂದೂ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಮಳೆಯ ತೀವ್ರತೆಯನ್ನು ಆರಿಸುವಾಗ ದಿನದ ಒಟ್ಟು ಮಳೆಯನ್ನು ನಂಬಬೇಡಿ. ದಿನಕ್ಕೆ 120 ಮಿ.ಮೀ. ಎಂಬುದು ಗಂಟೆಗೆ 5 ಮಿ.ಮೀ.ನಂತೆ ಇಡೀ ದಿನ ಸುರಿದಿರಬಹುದು, ಅಥವಾ ಅದರ ಅರ್ಧ ಒಂದೇ ಗಂಟೆಯಲ್ಲಿ ಬಿದ್ದಿರಬಹುದು. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಮೊದಲನೆಯದನ್ನು ಚರಂಡಿಗಳು ಸುಲಭವಾಗಿ ಸಾಗಿಸುತ್ತವೆ. ಎರಡನೆಯದೇ ರಸ್ತೆಯನ್ನು ಮುಳುಗಿಸುವುದು. ಸಣ್ಣ ಪೇಟೆಯ ನೀರು ಹತ್ತಿಪ್ಪತ್ತು ನಿಮಿಷಗಳಲ್ಲಿ ಚರಂಡಿಯ ಬಾಯಿಗೆ ಬಂದು ಸೇರುವುದರಿಂದ, ಅಷ್ಟೇ ಅವಧಿಯ ತೀವ್ರತೆ ಲೆಕ್ಕಕ್ಕೆ ಬೇಕು.

ಇನ್ನೊಂದು ಮಾತನ್ನು ನೀವು ನಿವೇಶನದಲ್ಲಿ ಖಂಡಿತ ಕೇಳುತ್ತೀರಿ: 1200 ಮಿ.ಮೀ. ಪೈಪು ಸಿಗಲಿಲ್ಲ, 600ರ ಎರಡು ಪೈಪು ಹಾಕೋಣ. ಒಪ್ಪಬೇಡಿ. ಅಡ್ಡಕೊಯ್ತದ ವಿಸ್ತೀರ್ಣವೇ ಅರ್ಧಕ್ಕೆ ಇಳಿಯುತ್ತದೆ. ಸಣ್ಣ ಪೈಪಿನಲ್ಲಿ ವೇಗವೂ ಕಡಿಮೆಯಾಗುವುದರಿಂದ, ಹರಿವಿನ ವೇಗವನ್ನು ಲೆಕ್ಕಹಾಕುವ ಮ್ಯಾನಿಂಗ್ ಸೂತ್ರದ ಪ್ರಕಾರ ಅದೇ ಇಳಿಜಾರಿನಲ್ಲಿ ಆ ಎರಡೂ ಸೇರಿ ದೊಡ್ಡ ಪೈಪಿನ ಮೂರನೆಯ ಒಂದು ಪಾಲಿಗಿಂತ ತುಸು ಕಡಿಮೆ ನೀರನ್ನಷ್ಟೇ ಸಾಗಿಸುತ್ತವೆ. ತೆಂಗಿನ ಗರಿ, ಪ್ಲಾಸ್ಟಿಕ್ ಸಿಕ್ಕಿಕೊಳ್ಳುವುದೂ ಸಣ್ಣ ಬಾಯಿಗೇ ಹೆಚ್ಚು, ಒಳಗಿಳಿದು ಶುಚಿಮಾಡುವುದಂತೂ ಅಸಾಧ್ಯ.

ಗುಡ್ಡೆ ಕಡಿದು ರಸ್ತೆ ಮಾಡಿದಲ್ಲಿ ಕಣ್ಣಿಗೆ ಕಾಣದ ನೀರನ್ನೂ ಗಮನಿಸಬೇಕು. ಮೇಲಿನ ಮುರಕಲ್ಲು (ರಂಧ್ರಗಳುಳ್ಳ ಕೆಂಪುಕಲ್ಲು) ನೀರನ್ನು ಒಳಗೆ ಬಿಡುತ್ತದೆ. ಅದರ ಕೆಳಗಿನ ಶೇಡಿಮಣ್ಣು (ಮೆದುವಾದ ಜೇಡಿಯಂಥ ಮಣ್ಣು) ಅಷ್ಟು ಸುಲಭವಾಗಿ ಬಿಡುವುದಿಲ್ಲ, ಒದ್ದೆಯಾದಾಗ ಸತ್ವ ಕಳೆದುಕೊಳ್ಳುತ್ತದೆ. ಬಾಯಾರು, ಪೆರ್ಲದ ಕಡೆ ನಮ್ಮ ಹಿರಿಯರು ಗುಡ್ಡೆಗೆ ಸುರಂಗ ಕೊರೆದು ಕುಡಿಯಲು, ತೋಟಕ್ಕೆ ಬಳಸಿದ್ದು ಇದೇ ಒಸರನ್ನು. ಅದೇ ಒಸರು ತಡೆಗೋಡೆಯ ಹಿಂದೆ ಹೊರದಾರಿ ಸಿಗದೆ ನಿಂತರೆ ಗೋಡೆಯನ್ನೇ ತಳ್ಳುತ್ತದೆ. ಆದ್ದರಿಂದ ಕಡಿತದ ನೆತ್ತಿಯಲ್ಲೊಂದು ಚರಂಡಿ, ಗೋಡೆಯಲ್ಲಿ ನೀರು ಬಸಿಯುವ ರಂಧ್ರಗಳು, ಅವುಗಳ ಹಿಂದೆ ಜಲ್ಲಿಯ ಪದರ ಇವು ಅಂದಾಜುಪಟ್ಟಿಯಲ್ಲಿ ಇರಲೇಬೇಕು. ಹಣ ಸಾಲದಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ ಎಂಬುದನ್ನು ನೆನಪಿಡಿ.

ದಿನನಿತ್ಯದ ಕೆಲಸ ಹೇಗಿರುತ್ತದೆಂದರೆ, ಬೇಸಿಗೆಯಲ್ಲಿ ನೆಲದ ಮಟ್ಟ ಅಳೆಯುವ ಆಟೋ ಲೆವೆಲ್ ಮತ್ತು ಅಳತೆಪಟ್ಟಿ, ಮಾರ್ಚ್ 31ರೊಳಗೆ ಬಿಲ್ಲು ಮುಗಿಸುವ ಒತ್ತಡ, ಜೂನ್ ಬಂದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ದೂರವಾಣಿ ಕರೆಗಳು. ಚರಂಡಿಗಳ ಸಮೀಕ್ಷೆಯೂ ನಿರ್ಮಾಣವೂ ಒಣ ನೆಲದ ಮೇಲೆ ನಡೆಯುವುದೇ ಈ ವೃತ್ತಿಯ ದೊಡ್ಡ ಕೊರತೆ. ಮಳೆಯಲ್ಲೇ ನಡೆದು ನೋಡಿ, ಗೋಡೆಗಳ ಮೇಲೆ ನೀರು ಬಿಟ್ಟ ಗುರುತನ್ನು ಅಳೆದುಕೊಳ್ಳಿ, ತೋಡಿನ ಬದಿಯ ಮನೆಗಳಲ್ಲಿ ಹಿರಿಯರನ್ನು ಕೇಳಿ. ಅವರು ಕೋಪದಿಂದ ಮಾತನಾಡಿದರೂ ಕೇಳಿಸಿಕೊಳ್ಳಬೇಕು, ಏಕೆಂದರೆ ಆ ಬೈಲಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬ ದಾಖಲೆ ಬೇರೆ ಯಾವ ಕಡತದಲ್ಲೂ ಇರುವುದಿಲ್ಲ. ಇಲ್ಲಿ ತುಳು, ಮಲಯಾಳ, ಬ್ಯಾರಿ ಸ್ವಲ್ಪ ಸ್ವಲ್ಪ ಬಂದರೂ ಕೆಲಸ ಎಷ್ಟೋ ಸಲೀಸಾಗುತ್ತದೆ.

ಎಂ.ಟೆಕ್ ಬೇಕು, ಆದರೆ ಈಗಲೇ ಬೇಡ. ಎರಡು ಮಳೆಗಾಲ ಕೆಲಸ ಮಾಡಿದ ಮೇಲೆ ಹೋದರೆ ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕೆಂಬುದು ನಿಮಗೇ ತಿಳಿದಿರುತ್ತದೆ. ಹತ್ತಿರದ ಸುರತ್ಕಲ್ ಎನ್‌ಐಟಿಯಲ್ಲಿ ಜಲಸಂಪನ್ಮೂಲಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿಯವರೆಗೆ ಕೇಂದ್ರ ಸರಕಾರ 2019ರಲ್ಲಿ ಹೊರತಂದ ಮಳೆನೀರು ಚರಂಡಿ ಕೈಪಿಡಿಯನ್ನು ಓದಿ, ಮಳೆನೀರಿನ ಹರಿವನ್ನು ಲೆಕ್ಕಹಾಕುವ, ಉಚಿತವಾಗಿ ಸಿಗುವ ಎಸ್‌ಡಬ್ಲ್ಯುಎಂಎಂ ತಂತ್ರಾಂಶದಲ್ಲಿ ನಿಮ್ಮೂರಿನದೇ ಒಂದು ತೋಡಿನ ಮಾದರಿ ಮಾಡಿ ನೋಡಿ. ಸೇರುವ ದಿನವನ್ನು ಆರಿಸಿಕೊಳ್ಳಲು ಅವಕಾಶವಿದ್ದರೆ ಮೇ ತಿಂಗಳೊಳಗೆ ಸೇರಿ, ಮೊದಲ ಮಳೆಗಾಲದಲ್ಲಿ ಕಚೇರಿಯೊಳಗಿನ ನಕ್ಷೆಯ ಕೆಲಸಕ್ಕಿಂತ ನಿವೇಶನದ ಕೆಲಸವನ್ನೇ ಹೆಚ್ಚು ಕೊಡಬೇಕೆಂದು ಸಂಸ್ಥೆಯವರಲ್ಲಿ ಮೊದಲೇ ಕೇಳಿಕೊಳ್ಳಿ.