11-42 ಕ್ಯಾಸೆಟ್ ಅಲ್ಲಾಡುತ್ತಾ? ಒಂದು ಬಳೆ ಸಾಕು

ನೀವು ಕೇಳಿದ್ದು ಇಷ್ಟು, ಅಲ್ವಾ? ನಿಮ್ಮ ಸೈಕಲ್‌ನ ಹೊಸ ಹಿಂದಿನ ಚಕ್ರದ ಹಬ್ (ಚಕ್ರದ ನಡುಭಾಗ) ಶಿಮಾನೊ 11-ಸ್ಪೀಡ್ ರೋಡ್ ಎಚ್‌ಜಿ ಮಾದರಿಯದು, ಅಂದರೆ ರೋಡ್ ಸೈಕಲ್‌ನ 11 ಗೇರ್‌ಗೆ ಮಾಡಿದ್ದು. ಅದಕ್ಕೆ ಎಂಟಿಬಿಯ (ಮೌಂಟನ್ ಬೈಕ್‌ನ) 11-42 ಕ್ಯಾಸೆಟ್, ಅಂದರೆ 11ರಿಂದ 42 ಹಲ್ಲಿನವರೆಗಿನ ಗೇರ್ ಚಕ್ರಗಳ ಗೊಂಚಲು, ಹಾಕಿದರೆ ಅದನ್ನು ಹಿಡಿದಿಡುವ ಲಾಕ್‌ರಿಂಗ್ ಬಿಗಿ ಮಾಡಿದರೂ ಅಲ್ಲಾಡುತ್ತಿದೆ.

ಹಬ್ ಕೆಟ್ಟಿಲ್ಲ, ವಾಪಸ್ ಕಳಿಸಬೇಡಿ. ರೋಡ್ 11-ಸ್ಪೀಡ್ ಫ್ರೀಹಬ್ (ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ) ಹಳೆಯ 8/9/10-ಸ್ಪೀಡ್‌ಗಿಂತ 1.85 ಮಿ.ಮೀ. ಉದ್ದ. ಎಂಟಿಬಿ 11-42 ಮಾತ್ರ ಆ ಹಳೆಯ ಅಳತೆಗೇ ಮಾಡಿದ್ದು. ಹಾಗಾಗಿ ಮೊದಲು ಒಂದು 1.85 ಮಿ.ಮೀ. ಸ್ಪೇಸರ್ (ಜಾಗ ತುಂಬುವ ಬಳೆ) ಹಾಕಿ, ಆಮೇಲೆ ಕ್ಯಾಸೆಟ್ ಕೂರಿಸಿ. ಲಾಕ್‌ರಿಂಗ್ 40 ನ್ಯೂಟನ್ ಮೀಟರ್‌ವರೆಗೆ ಬಿಗಿ ಮಾಡಿ. ಈ ತೆಳ್ಳನೆ ಬಳೆಯನ್ನು ನಾನೂ ಒಮ್ಮೆ ಪ್ಯಾಕಿಂಗ್ ಕಸ ಅಂತ ಎಸೆದು, ಇಡೀ ಭಾನುವಾರ ತಲೆ ಕೆರೆದುಕೊಂಡಿದ್ದೆ!

ಇನ್ನೊಂದು, ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮೇಲಿನ ನಂಬರ್ ನೋಡಿ. ಶಿಮಾನೊದ ಜಿಆರ್‌ಎಕ್ಸ್ ಸರಣಿಯ ಆರ್‌ಎಕ್ಸ್812 ಆದರೆ 42 ಹಲ್ಲು ಸರಿ. ಆರ್‌ಎಕ್ಸ್810 ಆದರೆ ಕಂಪನಿ ಹೇಳುವ ಮಿತಿ 34 ಮಾತ್ರ. ಆಗ 11-34 ತಗೊಳ್ಳಿ. ಶಿಮಾನೊದ 11-34 ಆದ ಎಚ್‌ಜಿ800 ಕ್ಯಾಸೆಟ್‌ಗೂ ಈ ಹಬ್‌ನಲ್ಲಿ ಅದೇ ಸ್ಪೇಸರ್ ಬೇಕು.

ಮುಂದೆ 12-ಸ್ಪೀಡ್‌ಗೆ ಹೋಗುವ ಆಸೆ ಇದ್ದರೆ, ಶಿಮಾನೊದ 10-45 ಕ್ಯಾಸೆಟ್ ಎಚ್‌ಜಿ ಮೇಲೆ ಕೂರಲ್ಲ, ಮೈಕ್ರೋ ಸ್ಪ್ಲೈನ್ ಅನ್ನೋ ಬೇರೆ ಮಾದರಿಯ ಫ್ರೀಹಬ್ ಬೇಕು. ಇನ್ನೊಂದು ಕಂಪನಿ ಸ್ರಾಮ್‌ನ 10-44ಕ್ಕೆ ಎಕ್ಸ್‌ಡಿಆರ್ ಮಾದರಿಯ ಫ್ರೀಹಬ್. ಫ್ರೀಹಬ್ ಬಾಡಿ ಮಾತ್ರ ಬದಲಿಸಲು ಬರುತ್ತಾ ಅಂತ ಹಬ್ ಮಾರಿದವರನ್ನು ಈಗಲೇ ಕೇಳಿಡಿ. ಸುಮ್ನೆ ಇಡೀ ಚಕ್ರ ಕೊಳ್ಳೋದು ಯಾಕೆ?

ಸ್ಪೇಸರ್ ಹಾಕಿದ ಮೇಲೂ ಅಲ್ಲಾಡಿದರೆ ಒಂದು ಫೋಟೊ ಹಾಕಿ.